ದೇವರ ಕೋಣೆಯ ಮೇಲಿನ ಮಹಡಿ

ಹೋದ ವರ್ಷ ಮಗಳ ಮನೆಯ ಕಿಟಕಿಗೆ ಚೌಕಟ್ಟು ಕೊಯ್ಯಿಸಲೆಂದು ಹಳಿಯಾಳದ ಒಂದು ಕಟ್ಟಿಗೆ ಅಡ್ಡೆಗೆ ಹೋಗಿದ್ದೆ. ಯಾವುದೋ ಹಳೆಯ ಮನೆ ಕೆಡವಿ ತಂದ ಸಾಗವಾನಿ ತೊಲೆಯನ್ನು ಗರಗಸಕ್ಕೆ ಕೊಟ್ಟರು. ಹೊರಗೆ ಹೊಗೆ ಹಿಡಿದು ಕರ್ರಗಾಗಿದ್ದ ತೊಲೆ ಒಳಗೆ ಬೆಲ್ಲದ ಬಣ್ಣಕ್ಕಿತ್ತು. ಅದರ ಹುಡಿ ಹಾರಿ ಮೂಗಿಗೆ ಬಡಿದದ್ದೇ ತಡ, ಅಳತೆಯ ಚೀಟಿ ಹಿಡಿದುಕೊಂಡೇ ಸುಮ್ಮನೆ ನಿಂತುಬಿಟ್ಟೆ. ಸಾಗವಾನಿ ಎಷ್ಟು ಹಳೆಯದಾದರೂ ತನ್ನ ವಾಸನೆ ಬಿಡುವುದಿಲ್ಲ. ಅಡ್ಡೆಯವನು, "ಯಾಕ್ರೀ ಅಕ್ಕಾರ, ಅಳತಿ ತಪ್ಪೇತೇನು?" ಎಂದು ಕೇಳಿದ. ಅಳತೆ ಸರಿಯಾಗಿಯೇ ಇತ್ತು. ನಾನು ಮಾತ್ರ ಹದಿನೆಂಟು ವರ್ಷದವಳಾಗಿ, ತಲೆಗೆಲ್ಲ ಜೇಡರ ಬಲೆ ಮೆತ್ತಿಕೊಂಡು, ಸೂಪಾದಲ್ಲಿ ನಿಂತಿದ್ದೆ.

ಅವು ಎಂಬತ್ತರ ದಶಕದ ಮೊದಲ ವರ್ಷಗಳು. ಕಾಳಿ ನದಿಗೆ ಅಣೆಕಟ್ಟು ಏಳುತ್ತಿತ್ತು. ಸೂಪಾ ಊರಿಗೆ ಊರೇ ನೀರಿನಲ್ಲಿ ಮುಳುಗುವುದು ಖಾತ್ರಿಯಾಗಿತ್ತು. ನಾವು ಇದ್ದದ್ದು ದಾಂಡೇಲಿಯ ಅಂಬೇವಾಡಿಯಲ್ಲಿ. ಅಪ್ಪ ಕಾಗದದ ಕಾರ್ಖಾನೆಯಲ್ಲಿ ಪಾಳಿಯ ಮೇಲೆ ದುಡಿಯುತ್ತಿದ್ದರು. ನಾನು ಪಿಯುಸಿಯಲ್ಲಿ ಇಂಗ್ಲಿಷಿಗೆ ನಪಾಸಾಗಿ, ಅಕ್ಟೋಬರಿನಲ್ಲಿ ಮತ್ತೆ ಕೂತು ಮತ್ತೆ ನಪಾಸಾಗಿ, ನಲ್ಲಿಯ ಮುಂದೆ ಕೊಡ ಹಿಡಿದು ನಿಂತ ಹೆಂಗಸರಿಗೆಲ್ಲ ಮಾತಿಗೊಂದು ವಿಷಯವಾಗಿದ್ದೆ. ಸೂಪಾದಲ್ಲಿ ನಮ್ಮ ಹಿರಿಯರ ಮನೆಯಿತ್ತು. ಅದರಲ್ಲಿ ಅಪ್ಪನ ಅಕ್ಕ ಚಂದ್ರಾ ಆತ್ಯಾ ಇದ್ದಳು. ಹನ್ನೆರಡಕ್ಕೆ ಮದುವೆಯಾಗಿ ಹದಿನೈದಕ್ಕೆ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು. ಅಪ್ಪನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಅಜ್ಜ ಹೋದ ಮೇಲೆ ಆ ಮನೆಗೆ ಆಕೆಯೇ ಯಜಮಾನಿ.

ಊರವರೆಲ್ಲ ಹೊರಡುವ ತಯಾರಿಯಲ್ಲಿದ್ದರೆ ಆತ್ಯಾ ಮಾತ್ರ ಹೊಸ ಒಲೆ ಹಾಕಿಸುತ್ತಿದ್ದಾಳೆ ಎಂದು ಸುದ್ದಿ ಬಂತು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂದು ಅಪ್ಪ ತಲೆ ಚಚ್ಚಿಕೊಂಡರು. ಆಮೇಲೆ ನನ್ನ ಕಡೆ ತಿರುಗಿದರು.

"ನಿನ್ನ ಮಾತು ಆಕಿ ಕೇಳ್ತಾಳ. ಹೆಂಗೂ ಮನ್ಯಾಗ ಖಾಲಿ ಕುಂತೀದಿ. ಹೋಗಿ ಆಕೀನ್ನ ಒಪ್ಪಿಸ್ಕೊಂಡು ಬಾ. ಮಳಿ ಹಿಡಿಯೂದ್ರಾಗ ಮನಿ ಬಿಚ್ಚಲಿಲ್ಲ ಅಂದ್ರ ಕಟಗಿನೂ ಹೋತು, ಅಕ್ಕನೂ ಹೋದ್ಲು ಅಂತ ತಿಳ್ಕೊ."

ಹೋಳಿ ಹುಣ್ಣಿಮೆ ಮುಗಿದ ವಾರ ನಾನು ಸೂಪಾಕ್ಕೆ ಬಂದಿಳಿದೆ. ಊರು ಊರಿನ ಹಾಗಿರಲಿಲ್ಲ. ಎಲ್ಲಿ ನೋಡಿದರೂ ಮನೆ ಬಿಚ್ಚುವವರು. ಹಾರೆಯಿಂದ ಬಾಗಿಲುವಾಡ ಕೀಳುವ ಸದ್ದು, ಹಂಚು ಇಳಿಸುವಾಗ ಒಬ್ಬರಿಂದೊಬ್ಬರಿಗೆ ಕೂಗಿ ಹೇಳುವ ಸದ್ದು, ಲಾರಿಗೆ ತೊಲೆ ಏರಿಸುವವರ ಹೈಸಾ. ಮೇಲ್ಛಾವಣಿ ಇಲ್ಲದ ಮನೆಗಳ ಒಳಗೆ ಒಲೆಕಟ್ಟೆ, ಒರಳು, ಗೋಡೆಯ ಮೇಲೆ ಮಕ್ಕಳು ಗೀಚಿದ ಮಗ್ಗಿ, ಎಲ್ಲ ಬಿಸಿಲಿಗೆ ಬಿದ್ದಿದ್ದವು. ಬೇರೆಯವರ ಅಡುಗೆಮನೆಯನ್ನು ರಸ್ತೆಯಲ್ಲಿ ನಿಂತು ನೋಡಲು ನನಗೆ ನಾಚಿಕೆಯಾಯಿತು.

ನಮ್ಮದು ಆ ಓಣಿಯಲ್ಲೇ ದೊಡ್ಡ ಮನೆ. ಕೆಳಗೆ ಪಡಸಾಲೆ, ನಡುಮನೆ, ದೇವರ ಕೋಣೆ, ಅಡುಗೆಮನೆ. ಅದರ ಮೇಲೊಂದು ಮಹಡಿ. ಈ ಮಹಡಿಗೆ ಯಾರೂ ಹೋಗುತ್ತಿರಲಿಲ್ಲ. ದೇವರ ಕೋಣೆ ಮನೆಯ ನಟ್ಟನಡುವೆ ಇರುವುದರಿಂದ, ಮೇಲೆ ಓಡಾಡಿದರೆ ದೇವರ ತಲೆಯ ಮೇಲೆ ಕಾಲಿಟ್ಟ ಹಾಗಾಗುತ್ತದೆ ಎಂದು ಅಜ್ಜನ ಅಪ್ಪನೋ ಅವನ ಅಪ್ಪನೋ ಮಹಡಿಗೆ ಬೀಗ ಹಾಕಿಸಿದ್ದನಂತೆ. ಮೆಟ್ಟಿಲ ತುದಿಯಲ್ಲಿ ಹಲಗೆಯ ಬಾಗಿಲು, ಅದಕ್ಕೊಂದು ಮುಷ್ಟಿ ಗಾತ್ರದ ಬೀಗ. ಮೆಟ್ಟಿಲ ಮೇಲೆ ಕುಂಬಳಕಾಯಿ, ಬೆಳ್ಳುಳ್ಳಿ ಗೊಂಚಲು, ಹುಣಸೆಹಣ್ಣಿನ ಗಡಿಗೆ. ಬೀಗದ ಕೈ ದೇವರ ಪೀಠದ ಕೆಳಗಿತ್ತು. ಆತ್ಯಾ ಹುಟ್ಟಿದಾಗಿನಿಂದ ಅದು ಅಲ್ಲಿಂದ ಕದಲಿರಲಿಲ್ಲ.

ಮೊದಲ ದಿನವೇ ನಾನು ಅಪ್ಪ ಕಲಿಸಿಕೊಟ್ಟ ಮಾತನ್ನು ಒಪ್ಪಿಸಿದೆ. ನಮ್ಮದೇ ತಾಲೂಕಿನ ರಾಮನಗರದಲ್ಲಿ ಸರಕಾರ ಜಾಗ ಕೊಟ್ಟಿದೆ, ಕಟ್ಟಿಗೆ ಒಯ್ದು ಅಲ್ಲೇ ಕಟ್ಟೋಣ ಎಂದೆ.

"ಮನಿ ಅಂದ್ರ ಏನು ಬಂಡೀನ, ಎಳಕೊಂಡು ಹೋಗಾಕ?" ಎಂದಳು ಆತ್ಯಾ, ಮೊರದಲ್ಲಿದ್ದ ಅಕ್ಕಿಯಿಂದ ಕಣ್ಣೆತ್ತದೆ. "ಈ ಮನಿ ಈ ಮಣ್ಣಾಗ ಹುಟ್ಟೇತಿ. ನಮ್ಮ ಮೂಲಪುರುಷ ಇಲ್ಲೇ ಕಾಡು ಕಡದು, ಇಲ್ಲೇ ಮೊದಲ ಕಂಬ ನೆಟ್ಟಾನ. ಅಂದಿನಿಂದ ಒಂದು ಗೂಟ ಅಲುಗಿಲ್ಲ. ನಾ ಕೀಳಸ್ಲೇನು? ನೀ ಇಂಗ್ಲಿಷ್ ಓದು ಹೋಗು."

ಇಂಗ್ಲಿಷಿನ ಹೆಸರೆತ್ತಿದರೆ ನಾನು ಬಾಯಿ ಮುಚ್ಚುತ್ತೇನೆಂದು ಆಕೆಗೆ ಗೊತ್ತಿತ್ತು. ಹೀಗೆ ಒಂದೂವರೆ ತಿಂಗಳು ಕಳೆಯಿತು. ನಾನು ಒಪ್ಪಿಸುವುದು, ಆಕೆ ನನ್ನ ಪುಸ್ತಕ ತಂದು ಮುಂದಿಡುವುದು.

ಬೇಸಿಗೆ ಬಲಿತಾಗ ಆತ್ಯಾ ಜುಜೆಯನ್ನು ಕರೆಸಿದಳು. ಜುಜೆ ಹತ್ತಿರದ ಹಳ್ಳಿಯ ಸಿದ್ದಿ ಜನಾಂಗದವನು, ಐವತ್ತರ ಆಸುಪಾಸಿನ ಗಟ್ಟಿ ಆಳು, ಸ್ವಂತದ ಎರಡು ತುಂಡು ಗದ್ದೆ ಮಾಡಿಕೊಂಡು ಉಳಿದ ದಿನ ಕಾಡಿನ ಕೆಲಸಕ್ಕೆ ಹೋಗುತ್ತಿದ್ದ. ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ನಮ್ಮ ಮನೆಯ ನಾಡಹಂಚು ಕೈಯಾಡಿಸುವುದು, ಅಂದರೆ ಒಡೆದದ್ದನ್ನು ತೆಗೆದು ಸರಿದದ್ದನ್ನು ಕೂಡಿಸುವುದು, ಅವನ ಪಾಲಿನ ಕೆಲಸ. ಮಹಡಿಯೊಳಗೆ ಹೋಗುವಂತಿರಲಿಲ್ಲವಾದ್ದರಿಂದ ಹೊರಗಿನಿಂದಲೇ ಏಣಿ ಹಾಕಿ ಹತ್ತುತ್ತಿದ್ದ. ಅಕ್ಕಪಕ್ಕದವರು ಹಂಚು ಇಳಿಸುತ್ತಿರುವಾಗ ನಮ್ಮ ಮನೆಯಲ್ಲಿ ಹಂಚು ಕೈಯಾಡಿಸುವುದೆಂದರೆ! ಜುಜೆ ಅಂಗಳದಲ್ಲಿ ನಿಂತು ತಲೆ ಕೆರೆದುಕೊಂಡ.

"ಬಾಯಿ, ಈ ಸಲ ನೀರು ಮ್ಯಾಲಿಂದ ಬರೂದಲ್ಲ, ಕೆಳಗಿಂದ ಬರೂದು."

"ಯಾ ಕಡಿಂದರ ಬರಲಿ. ನಿನಗ ಹೇಳಿದ ಕೆಲಸ ನೀ ಮಾಡು."

"ನಾ ವರ್ಷಾ ವರ್ಷಾ ನಿಮ್ಮ ದೇವರ ತಲಿ ಮ್ಯಾಲ ಹತ್ತಿ ಇಳಿತೇನಿ. ಅದಕ್ಕ ದೋಷ ಇಲ್ಲೇನು?"

"ಹಂಚು ಬ್ಯಾರೆ, ನೆಲ ಬ್ಯಾರೆ," ಎಂದಳು ಆತ್ಯಾ. ಕಾಯಿದೆ ಪಂಡಿತರೂ ಇಷ್ಟು ಚುರುಕಾಗಿ ಉತ್ತರ ಕೊಡಲಾರರು.

ಆದರೆ ಆ ಮಾತು ನನ್ನ ತಲೆಯಲ್ಲಿ ಹುಳ ಬಿಟ್ಟಿತು. ಮೂರನೆಯ ದಿನ ಆತ್ಯಾ ಪೂಜೆಗೆ ಕೂತ ಹೊತ್ತು ನೋಡಿ, ಸೀರೆ ಎತ್ತಿ ಕಟ್ಟಿ ಏಣಿ ಹತ್ತಿದೆ. ಜುಜೆ ಬೇಡ ಬೇಡ ಎನ್ನುತ್ತಲೇ ಎರಡು ಮಾರು ಹಂಚು ಸರಿಸಿ, ಅದರ ಕೆಳಗಿನ ಒಂದೆರಡು ರೀಪು ಪಟ್ಟಿ ಬಿಚ್ಚಿಕೊಟ್ಟ. ಆ ಸಂದಿನಲ್ಲಿ ಮೈ ತೂರಿಸಿ, ಕೈ ಜೋತು, ಕಣ್ಣು ಮುಚ್ಚಿ ಕೆಳಗೆ ಬಿದ್ದೆ. ಬಿದ್ದ ಸದ್ದು ಆತ್ಯಾಳ ಪೂಜೆಯ ಗಂಟೆಯಲ್ಲಿ ಮುಚ್ಚಿಹೋಯಿತು. ಕಾಲ ಕೆಳಗಿನ ಹಲಗೆಯಂತೂ ಕಿರ್ ಎಂದು ಕೂಡ ಅನ್ನಲಿಲ್ಲ.

ಪೆಟ್ಟಿಗೆ, ಕತ್ತಿ, ಬಂಗಾರದ ಗಂಟು, ಹೀಗೆ ಕತೆಗಳಲ್ಲಿ ಸಿಗುವ ಯಾವುದೂ ಅಲ್ಲಿರಲಿಲ್ಲ. ಮೂರು ಕೋಣೆ ಸಾಲಾಗಿದ್ದವು, ಮೂರೂ ಖಾಲಿ. ಹಂಚು ಸರಿಸಿದ ಕಡೆಯಿಂದ ಬಿಸಿಲು ನೇರ ಇಳಿದು ಎಷ್ಟೋ ಕಾಲದ ಧೂಳನ್ನು ಬೆಳಗುತ್ತಿತ್ತು. ಮೊದಲು ನನಗೆ ನಿರಾಸೆಯೇ ಆಯಿತು. ಆಮೇಲೆ ಸೆರಗಿನಿಂದ ಒಂದು ಕಂಬವನ್ನು ಒರೆಸಿದೆ. ಒರೆಸಿದ ಕಡೆ ಕಟ್ಟಿಗೆ ನಿನ್ನೆ ಎಣ್ಣೆ ಹಚ್ಚಿದ್ದರೇನೋ ಎಂಬಂತೆ ಹೊಳೆಯಿತು, ಆ ವಾಸನೆ ಎದ್ದಿತು. ಇನ್ನೊಂದು ಒರೆಸಿದೆ, ಮತ್ತೊಂದು. ಕಂಬದ ತಲೆಯ ಬೋದಿಗೆಗಳಲ್ಲಿ ಒಂದರಲ್ಲಿ ಬಾಳೆಮೋತೆಯ ಹೂಗೊನೆ, ಒಂದರಲ್ಲಿ ಕೊಕ್ಕು ತೆರೆದ ಹಕ್ಕಿ, ಒಂದರಲ್ಲಿ ಬರೀ ಅಲೆ ಅಲೆ ಗೆರೆ. ಒಂದರ ಹಾಗೆ ಇನ್ನೊಂದಿಲ್ಲ. ನೆಲದ ಹಲಗೆ ಒಂದೊಂದೂ ಬಾಗಿಲಿನಷ್ಟು ಅಗಲ. ಎಲ್ಲಿ ಹುಡುಕಿದರೂ ಒಂದು ಕಬ್ಬಿಣದ ಮೊಳೆ ಇರಲಿಲ್ಲ. ಎಲ್ಲ ಕಟ್ಟಿಗೆಯ ಬೆಣೆಯಿಂದ ಬಿಗಿದದ್ದು. ಕೆಳಗೆ ನಾವು ಸಗಣಿ ಸಾರಿಸಿದ ನೆಲದಲ್ಲಿ, ಗೆದ್ದಲು ತಿಂದ ಕಂಬಕ್ಕೆ ಒರಗಿ ಉಂಡು ಮಲಗಿ ಬದುಕುತ್ತಿದ್ದೆವು. ನಮ್ಮ ತಲೆಯ ಮೇಲೆ ಇದು ಇತ್ತು. ನನಗೆ ಕಣ್ಣಲ್ಲಿ ನೀರು ಬಂತು, ಯಾಕೆಂದು ಈಗಲೂ ಹೇಳಲಾರೆ.

ನಡುವಿನ ಕೋಣೆಗೆ ಬಂದಾಗ ಕಾಲು ತಾನಾಗಿ ನಿಂತಿತು. ಅಲ್ಲಿ ನೆಲವೇ ಇರಲಿಲ್ಲ. ಸೊಂಟದೆತ್ತರದ ಕೆತ್ತನೆಯ ಕಟಾಂಜನ ನಾಲ್ಕೂ ಕಡೆ ಚೌಕಾಗಿ ಸುತ್ತುವರಿದಿತ್ತು. ಅದರೊಳಗೆ ಬಯಲು. ಬಗ್ಗಿ ನೋಡಿದರೆ ಎರಡು ಮೊಳ ಕೆಳಗೆ ಆಮೇಲೆ ಯಾರೋ ಹೊಡೆಸಿದ ತೆಳು ಹಲಗೆಯ ಮುಚ್ಚಿಗೆ. ಅದರ ಸಂದಿಯಿಂದ ದೀಪದ ಬೆಳಕು, ಊದಿನಕಡ್ಡಿಯ ವಾಸನೆ. ನನಗೆ ತಿಳಿಯಲು ತುಸು ಹೊತ್ತೇ ಹಿಡಿಯಿತು. ಕೆಳಗಿರುವುದು ದೇವರ ಕೋಣೆ. ಕಟ್ಟಿದವರು ಇದನ್ನು ಮೊದಲೇ ಯೋಚಿಸಿ, ದೇವರ ತಲೆಯ ಮೇಲೆ ಯಾರೂ ಕಾಲಿಡದಂತೆ ಅಷ್ಟು ಜಾಗಕ್ಕೆ ನೆಲವನ್ನೇ ಹಾಕಿರಲಿಲ್ಲ. ಮುಂದಿನವರು ಕೆಳಗಿನಿಂದ ಮುಚ್ಚಿಗೆ ಹೊಡೆಸಿದರು, ಅದನ್ನು ಮರೆತರು, ಆಮೇಲೆ ದೋಷಕ್ಕೆ ಹೆದರಿ ಮಹಡಿಗೇ ಬೀಗ ಜಡಿದರು. ಇಡೀ ಒಂದು ಅರಮನೆಯಂಥ ಮಹಡಿ ಸುಮ್ಮಸುಮ್ಮನೆ ಮುಚ್ಚಿಹೋಗಿತ್ತು.

ಆಗ ಕೆಳಗಿನಿಂದ ಆತ್ಯಾಳ ದನಿ ಕೇಳಿಸಿತು. ಮಂತ್ರವಲ್ಲ, ಮಾತು.

"ಎಲ್ಲಾರೂ ಹೊಂಟಾರ. ನಾ ಏನ್ ಮಾಡ್ಲಿ? ಕುಂತ ಜಾಗದಿಂದ ನಿನ್ನ ಯಾರೂ ಎಬ್ಬಿಸಿಲ್ಲ. ಮಕ್ಕಳಿಲ್ಲದ ರಂಡಿ ನಾನು, ನನ್ನ ಕೈಲೆ ಎಬ್ಬಿಸ್ಕೋತೀಯೇನು? ನಂಗ ಹೆದರಿಕಿ ಆಗ್ತೈತಿ."

ಕಟಾಂಜನ ಹಿಡಿದು ಅಲ್ಲೇ ಕೂತೆ. ಒಂದೂವರೆ ತಿಂಗಳು ನಾನು ಯಾವುದನ್ನು ಮೊಂಡುತನ ಎಂದುಕೊಂಡಿದ್ದೆನೋ ಅದು ಅಂಜಿಕೆಯಾಗಿತ್ತು. ಹಿರಿಯರು ಊರಿದ್ದನ್ನು ಕಿತ್ತ ಮೊದಲನೆಯವಳು ತಾನಾಗುತ್ತೇನಲ್ಲಾ ಎಂಬ ಅಂಜಿಕೆ. ಇಷ್ಟು ದಿನ ಆಕೆಯ ಬೆನ್ನ ಹಿಂದೆ ಅಣಕಿಸಿ ನಕ್ಕದ್ದಕ್ಕೆ ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಜುಜೆ ಹಂಚಿನ ಕಿಂಡಿಯಿಂದ ತಲೆ ಹಾಕಿ ಒಳಗೆ ನೋಡುತ್ತಿದ್ದ. ಮೂವತ್ತು ವರ್ಷ ಈ ಮಾಡಿನ ಮೇಲೆ ಓಡಾಡಿದ ಅವನೂ ಒಳಗನ್ನು ಹೀಗೆ ಬೆಳಕಿನಲ್ಲಿ ನೋಡಿರಲಿಲ್ಲ. ಇಳಿದು ಬಂದು ತೊಲೆಯ ಉದ್ದಕ್ಕೂ ಕೈ ಆಡಿಸಿದ.

"ತಂಗೀ, ಇಲ್ಲಿ ನೋಡು. ಇಷ್ಟ ದೊಡ್ಡ ಮನಿಗೆ ಉದ್ದನ್ನ ತೊಲಿ ಒಂದೂ ಇಲ್ಲ. ಎಲ್ಲಾ ತುಂಡು ತುಂಡು ಕೂಡಿಸ್ಯಾರ. ಸೂಪಾದಾಗ ಸಾಗವಾನಿಗೆ ಬರಗಾಲ ಏನು? ಇಲ್ಲಿ ಕಡದಿದ್ರ ಒಂದ ಮರದ್ದ ಹಾಕ್ತಿದ್ರು." ಅವನು ಒಂದು ತುಂಡಿನ ಕೆಳಗೆ ತನ್ನ ಹೆಗಲು ಕೊಟ್ಟು ನಿಂತು ತೋರಿಸಿದ. "ಇದು ಎರಡ ಮಂದಿ ಹೆಗಲಿನ ಅಳತಿ. ಘಟ್ಟದ ತಿರುವಿನಾಗ ಇದಕ್ಕಿಂತ ಉದ್ದ ಇದ್ರ ತಿರುಗೂದಿಲ್ಲ. ನಮ್ಮ ಮಂದಿನೂ ಹಿಂದಕ ಗೋವಾ ಕಡಿಂದ ಅದ ಘಟ್ಟ ಹತ್ತಿ ಬಂದವರು. ಈ ಮನಿನೂ ಹತ್ತಿ ಬಂದೈತಿ."

ಪ್ರತಿ ತೊಲೆ ಕಂಬಕ್ಕೆ ಕೂಡುವಲ್ಲಿ ಉಳಿಯಿಂದ ಹಾಕಿದ ಸಣ್ಣ ಕಚ್ಚುಗಳಿದ್ದುದನ್ನು ನಾನೂ ಕಂಡಿದ್ದೆ. ಅಲಂಕಾರವಿರಬೇಕು ಎಂದುಕೊಂಡಿದ್ದೆ.

ಜುಜೆಯ ಹೆಗಲೇರಿ ಅದೇ ಕಿಂಡಿಯಿಂದ ಹೊರಬಂದು, ಕೆಳಗಿಳಿದು ಆತ್ಯಾಳ ಮುಂದೆ ನಿಂತಾಗ ನನ್ನ ಅವತಾರವೇ ಎಲ್ಲ ಹೇಳಿತು. ಆಕೆಯ ಮುಖ ಬಿಳಿಚಿಕೊಂಡಿತು.

"ಮ್ಯಾಲ ಹೋಗಿದ್ದೀ? ದೇವರ ಮ್ಯಾಲ ಕಾಲಿಟ್ಟೀ?"

"ಇಡಾಕ ಅಲ್ಲಿ ನೆಲಾನ ಇಲ್ಲ, ಆತ್ಯಾ."

ನಾನು ಕಂಡದ್ದನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳಿದೆ. ಆಕೆ ಬೈಯಲಿಲ್ಲ. ನನ್ನ ಕೂದಲಿನಿಂದ ಜೇಡರ ಬಲೆಯನ್ನು ಎಳೆ ಎಳೆಯಾಗಿ ಬಿಡಿಸಿದಳು. ಆಮೇಲೆ ಎದ್ದು ಕೈಕಾಲು ತೊಳೆದು, ದೇವರ ಪೀಠದ ಕೆಳಗೆ ಕೈ ಹಾಕಿ ಬೀಗದ ಕೈ ತೆಗೆದಳು.

"ಮೌನಪ್ಪನ್ನ ಕರಕೊಂಡು ಬಾ," ಎಂದಳು.

ಮೌನಪ್ಪ ಹಳಿಯಾಳದ ಬಡಿಗೇರ. ಆ ಬೇಸಿಗೆಯಲ್ಲಿ ಊರಿನ ಅರ್ಧ ಮನೆಗಳನ್ನು ಬಿಚ್ಚುತ್ತಿದ್ದವನು ಅವನೇ. ಬೀಗದ ಕೈ ತಿರುಗಲಿಲ್ಲ. ಕೊನೆಗೆ ಕೊಂಡಿಯನ್ನೇ ಅವನು ಕಿತ್ತ. ಕುಂಬಳಕಾಯಿ ಸರಿಸಿ ದಾರಿ ಮಾಡಿದೆವು. ಆತ್ಯಾ ಮೊದಲ ಮೆಟ್ಟಿಲಿಗೆ ಕೈ ಮುಟ್ಟಿಸಿ ಕಣ್ಣಿಗೊತ್ತಿಕೊಂಡು, ಐವತ್ತು ವರ್ಷ ಬೆಳ್ಳುಳ್ಳಿ ತೂಗುಹಾಕಿದ ಆ ಮೆಟ್ಟಿಲನ್ನು ಹತ್ತಿದಳು. ನಾನು ಹಿಂದಿನಿಂದ ಬೆನ್ನಿಗೆ ಕೈ ಕೊಟ್ಟಿದ್ದೆ. ಮೇಲೆ ಬಂದಳು. ಕಂಬದಿಂದ ಕಂಬಕ್ಕೆ ಹೋಗಿ ಒಂದೊಂದನ್ನೂ ಅಂಗೈಯಿಂದ ಸವರಿದಳು. ಹಕ್ಕಿಯ ಕೊಕ್ಕಿನೊಳಗೆ ಬೆರಳಿಟ್ಟು ನೋಡಿದಳು. ದೇವರ ಮೇಲಿನ ಬಯಲಿನ ಮುಂದೆ ಬಂದಾಗ ಕೈ ಮುಗಿಯಬೇಕೋ ಬಗ್ಗಿ ನೋಡಬೇಕೋ ತಿಳಿಯದೆ ನನ್ನ ಕಡೆ ತಿರುಗಿದಳು. ಅಂಥ ಅಚ್ಚರಿಯನ್ನು ಅಷ್ಟು ವಯಸ್ಸಾದ ಮುಖದಲ್ಲಿ ನಾನು ಮತ್ತೆಂದೂ ನೋಡಿಲ್ಲ.

ಮೌನಪ್ಪ ಮಾತ್ರ ಕೂಡುಗಳ ಹತ್ತಿರವೇ ನಿಂತಿದ್ದ. ಕಚ್ಚುಗಳ ಮೇಲೆ ಉಗುರು ಆಡಿಸಿ ಎಣಿಸುತ್ತಿದ್ದ. ಕಂಬಕ್ಕೆ ಮೂರು ಕಚ್ಚು, ಅದಕ್ಕೆ ಕೂಡುವ ತೊಲೆಗೂ ಮೂರು. ಮುಂದಿನದಕ್ಕೆ ನಾಲ್ಕು, ನಾಲ್ಕು.

"ಅವ್ವಾರ, ಇಂಥಾ ಗುರುತು ನಾನೂ ಈಗ ಮನಿ ಮನಿಗೆ ಹಾಕ್ಲಿಕ್ಕೆ ಹತ್ತೇನ್ರಿ. ಯಾವ ತೊಲಿ ಯಾವ ಕಂಬಕ್ಕ ಅಂತ ತಿಳೀಬೇಕಲ್ರಿ. ಮನಿ ಬಿಚ್ಚಿ ಒಯ್ಯೂವಾಗ ಹಾಕೂ ಗುರುತಿದು. ಇದನ್ನ ಬ್ಯಾರೆ ಎಲ್ಲೋ ಬಿಚ್ಚಿ ತಂದು ಇಲ್ಲಿ ಕೂಡಿಸ್ಯಾರ್ರಿ." ಅವನು ಒಂದು ತೊಲೆಯ ತುದಿಯ ಹಳೆಯ ತೂತಿಗೆ ಉಳಿ ಹಾಕಿ ಕೆರೆದ. ಒಣಗಿ ಕಲ್ಲಾದ ಗಾರೆ ಅಂಗೈಗೆ ಉದುರಿತು. ಅದರಲ್ಲಿ ಬಿಳಿಯ ಚಿಪ್ಪಿನ ಚೂರುಗಳಿದ್ದವು. "ಈ ಊರಾಗ ಗ್ವಾಡಿ ಎಲ್ಲಾ ಕೆಂಪಕಲ್ಲು, ಮಣ್ಣು. ಇದು ಸಮುದ್ರದ ಚಿಪ್ಪಿ ಸುಣ್ಣ. ಮನಿ ಸಮುದ್ರ ದಂಡಿಮ್ಯಾಲಿಂದ ಬಂದೈತ್ರಿ."

ಆತ್ಯಾ ಆ ಚೂರುಗಳನ್ನು ತನ್ನ ಕೈಗೆ ಹಾಕಿಸಿಕೊಂಡಳು. ಆಕೆ ಸಮುದ್ರವನ್ನೇ ಕಂಡವಳಲ್ಲ.

"ಹಂಗಾರ ನಮ್ಮಪ್ಪ ಸುಳ್ಳು ಹೇಳಿದ್ನ?" ದನಿಯಲ್ಲಿ ಸಿಟ್ಟಿತ್ತು. "ಒಂದು ಗೂಟ ಅಲುಗಿಲ್ಲ ಅಂತ ನನ್ನ ಕೈಲೆ ಜನ್ಮಾ ಎಲ್ಲಾ ಕಾವಲು ಕಾಯಿಸಿದ್ನ?"

"ಸುಳ್ಳಲ್ರೀ. ಅವರಿಗೂ ಗೊತ್ತಿರಾಕಿಲ್ಲ. ಮ್ಯಾಲ ಬಂದು ನೋಡಿದವರ ಯಾರು?"

ಆಕೆ ಆ ಅಗಲ ಹಲಗೆಗಳ ಮೇಲೆ ಕೂತಳು. ಹಿರಿಯರು ಯಾಕೆ ಊರು ಬಿಟ್ಟರು, ಯಾರಿಗೆ ಹೆದರಿ, ಯಾವ ರೋಗಕ್ಕೆ, ಯಾವ ಹಸಿವಿಗೆ? ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಆತ್ಯಾ ಅದನ್ನು ಕೇಳಲೂ ಇಲ್ಲ. ಆಕೆ ಕೇಳಿದ್ದು ಬೇರೆ.

"ಹಂಗಂದ್ರ ಅಲ್ಲಿಂದ ದೇವರನ್ನೂ ಎಬ್ಬಿಸಿರಬೇಕಲ್ಲ? ಯಾರ ಎಬ್ಬಿಸಿರಬೇಕು? ಆಕೀ ಕೈ ನಡುಗಿರಬೇಕು."

ಎಬ್ಬಿಸಿದ್ದು ಹೆಂಗಸೇ ಎಂದು ಆಕೆ ತಾನೇ ತೀರ್ಮಾನಿಸಿಬಿಟ್ಟಿದ್ದಳು. ಹಾಗೆನ್ನುತ್ತ ಅಳತೊಡಗಿದಳು. ಆತ್ಯಾ ಅತ್ತದ್ದನ್ನು ನಾನು ಅದೊಂದೇ ಸಲ ನೋಡಿದ್ದು. ಮೌನಪ್ಪ, ಜುಜೆ ಇಬ್ಬರೂ ಗೋಡೆಯ ಕಡೆ ಮುಖ ಮಾಡಿ ನಿಂತರು. ಅತ್ತು ಮುಗಿಸಿ ಸೆರಗಿನಿಂದ ಮೂಗು ಒರೆಸಿಕೊಂಡು ಆಕೆ ಕೇಳಿದಳು:

"ಬಡಿಗ್ಯಾರ, ಎಷ್ಟು ಲಾರಿ ಬೇಕಾಗ್ತಾವ?"

ಮುಂದಿನದು ಮೂರು ವಾರದ ಕೆಲಸ. ಮಳೆ ತಲೆಯ ಮೇಲಿತ್ತು. ಮಧ್ಯಾಹ್ನವಾದರೆ ಪಡುವಣ ಗುಡ್ಡಗಳ ಮೇಲೆ ಮೋಡ ಕಟ್ಟುತ್ತಿತ್ತು. ಅಪ್ಪ ರಜೆ ಹಾಕಿ ಬಂದರು. ಕೆಳಗಿನ ಕಂಬಗಳಿಗೆ ಮೌನಪ್ಪ ಉಳಿ ತಾಗಿಸಿ ನೋಡಿದ. ಬುಡವೆಲ್ಲ ಗೆದ್ದಲು, ಹಿಟ್ಟಿನ ಹಾಗೆ ಉದುರಿತು. ರಾಮನಗರದಲ್ಲಿ ಸಿಕ್ಕ ಜಾಗವೂ ಚಿಕ್ಕದು, ಎರಡು ಅಂತಸ್ತಿನ ಮನೆ ಅದರಲ್ಲಿ ಹಿಡಿಸುವಂತಿರಲಿಲ್ಲ. ಯಾರೂ ಕಾಲಿಡದೆ ಇದ್ದದ್ದರಿಂದಲೋ ಏನೋ, ಮೇಲಿನ ಮೂರು ಕೋಣೆಯ ಕಟ್ಟಿಗೆ ಮಾತ್ರ ಗಟ್ಟಿಯಾಗಿ ಉಳಿದಿತ್ತು. ಏನು ಮಾಡುವುದೆಂದು ಅಪ್ಪ, ಮೌನಪ್ಪ ಇಬ್ಬರೂ ಅಂಗಳದಲ್ಲಿ ಕಡ್ಡಿಯಿಂದ ಗೆರೆ ಎಳೆದು ಚರ್ಚೆ ನಡೆಸಿದ್ದಾಗ ಆತ್ಯಾ ಒಳಗಿನಿಂದಲೇ ಹೇಳಿದಳು, "ಕೆಳಗಿಂದು ಇಲ್ಲೇ ಬಿಡ್ರಿ. ಮ್ಯಾಲಿಂದು ಒಯ್ದು ನೆಲಕ್ಕ ಕೂಡಿಸ್ರಿ."

ಹಳೆಯ ಕಚ್ಚುಗಳ ಪಕ್ಕದಲ್ಲಿ ಮೌನಪ್ಪ ಹೊಸ ಕಚ್ಚು ಹಾಕುತ್ತ ಹೋದ. ಎಣಿಸಿ ಕೂಗುವ ಕೆಲಸ ನನ್ನದು. ತಪ್ಪಿದರೆ, "ಇಂಗ್ಲಿಷಿನ್ಯಾಗ ಎಣಸ್ಬ್ಯಾಡವಾ" ಎಂದು ನಗುತ್ತಿದ್ದ. ಕಟಾಂಜನ ಬಿಚ್ಚುವಾಗ ಜುಜೆ ಒಂದೊಂದು ತುಂಡನ್ನೂ ಹೆಗಲ ಮೇಲೆ ಕಂಬಳಿ ಹಾಕಿ ಹೊತ್ತು ಇಳಿಸಿದ. ಕೊನೆಯ ದಿನ ದೇವರನ್ನು ಆತ್ಯಾಳೇ ಎಬ್ಬಿಸಿದಳು. ಆಕೆಯ ಕೈ ನಡುಗಲಿಲ್ಲ. ಆರತಿ ತಟ್ಟೆ ಹಿಡಿದವಳು ನಾನು.

ರಾಮನಗರದಲ್ಲಿ ಮನೆ ಎದ್ದಿತು. ಹಂಚು ಹೊದಿಸಿ ಮುಗಿಸುವ ಹೊತ್ತಿಗೆ ಮೊದಲ ಮಳೆ ಬಂತು. ಕಟಾಂಜನದ ನಡುವಿನ ಆ ಬಯಲಿಗೆ ಇಲ್ಲಿಯೂ ಹಲಗೆ ಹಾಕಲಿಲ್ಲ. ದೇವರು ಅಲ್ಲೇ, ಹೊಸ ಮಣ್ಣಿನ ಮೇಲೆ ಕೂತ. ಸುತ್ತ ಬಾಳೆಮೋತೆ, ಹಕ್ಕಿ, ಅಲೆಗಳ ಕಂಬಗಳು. ಸೂಪಾದಿಂದ ಬಂದ ನೆರೆಯವರು ತಂಡ ತಂಡವಾಗಿ ಬಂದು ಬಾಯಿ ತೆರೆದು ನೋಡುತ್ತಿದ್ದರು. ನಲವತ್ತು ವರ್ಷ ಪಕ್ಕದಲ್ಲೇ ಇದ್ದು ಇಂಥದ್ದೊಂದು ನಿಮ್ಮಲ್ಲಿದೆಯೆಂದು ಹೇಳಲೇ ಇಲ್ಲವಲ್ಲ ಎಂದು ಕೆಲವರು ಜಗಳಕ್ಕೇ ಬಂದರು.

ಆತ್ಯಾ ಅದರಲ್ಲಿ ಇನ್ನೂ ಏಳು ವರ್ಷ ಬದುಕಿದಳು. ನಾನು ಮೂರನೆಯ ಸಲ ಪಾಸಾಗಿ, ಮುಂದೆ ಟೀಚರ್ ಆಗಿ, ರಜೆ ಬಂದಾಗಲೆಲ್ಲ ಅಲ್ಲಿಗೆ ಓಡುತ್ತಿದ್ದೆ. ಕಂಬಗಳಿಗೆ ಎಣ್ಣೆ ಹಚ್ಚುವುದು ಆಕೆಯ ದಿನದ ಕೆಲಸವಾಗಿತ್ತು. ಹೊಸಬರು ಯಾರಾದರೂ ಬಂದು, ಇಷ್ಟು ಚೆಂದದ ಕಂಬಗಳು, ಸೂಪಾದ ಆ ದೊಡ್ಡ ಮನೆಯ ಉಳಿದದ್ದೆಲ್ಲ ಎಲ್ಲಿ ಹೋಯಿತು ಎಂದು ಕೇಳಿದರೆ, ಆಕೆ ಎಣ್ಣೆಯ ಅರಿವೆಯನ್ನು ಹೆಗಲ ಮೇಲೆ ಹಾಕಿಕೊಂಡು ಸೊಂಟ ನೆಟ್ಟಗೆ ಮಾಡಿ ಹೇಳುತ್ತಿದ್ದಳು:

"ಕೆಳಗಿನ ಮನಿ ನೀರಾಗ ಐತಿ. ನಾ ಮ್ಯಾಲ ಅದೀನಿ."